ಮನೆಯ ಆಡಿಯೊ ಸಿಸ್ಟಂನಲ್ಲಿ ಗುಂಯ್ ಸದ್ದು: ಮೂಲ ಹುಡುಕಿ ನಿಲ್ಲಿಸುವ ಕ್ರಮ

ಹಾಡು ನಿಂತ ಮೇಲೂ ಸ್ಪೀಕರ್‌ನಿಂದ ಸಣ್ಣಗೆ ಕೇಳಿಬರುವ ಗುಂಯ್ ಸದ್ದು ಹಗಲಿನಲ್ಲಿ ಬೀದಿಯ ಗದ್ದಲದೊಳಗೆ ಮುಚ್ಚಿಹೋಗಿದ್ದು, ರಾತ್ರಿ ವಾಹನಗಳ ಓಡಾಟ ತಗ್ಗಿದ ಮೇಲೆ ಕಿವಿಗೆ ಬೀಳತೊಡಗುತ್ತದೆ. ಅದನ್ನು ನಿಲ್ಲಿಸಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಮೊದಲು ದುಬಾರಿ ಕೇಬಲ್ ತರುತ್ತಾರೆ, ಅದರಿಂದ ಪ್ರಯೋಜನವಾಗದಿದ್ದಾಗ ಸ್ಟೆಬಿಲೈಸರ್ ತರುತ್ತಾರೆ, ಕೊನೆಗೆ ಬೇಸತ್ತು ಆಂಪ್ಲಿಫೈಯರನ್ನೇ ಬದಲಿಸುತ್ತಾರೆ. ಸದ್ದು ಎಲ್ಲಿಂದ ಒಳಗೆ ಬರುತ್ತಿದೆ ಎಂಬುದನ್ನು ಯಾರೂ ಹುಡುಕಿರುವುದಿಲ್ಲವಾದ್ದರಿಂದ ಅದು ಹೊಸ ಆಂಪ್ಲಿಫೈಯರ್‌ನಲ್ಲಿಯೂ ಮುಂದುವರಿಯುತ್ತದೆ.

ಆದ್ದರಿಂದ ಕೆಳಗಿನ ಹಂತಗಳನ್ನು ಇಲ್ಲಿರುವ ಕ್ರಮದಲ್ಲಿಯೇ ಅನುಸರಿಸಬೇಕು. ಮೂರನೆಯ ಹಂತ ಮುಗಿಯುವವರೆಗೆ, ಪರೀಕ್ಷೆಗೆ ಬೇಕಾದ ಸಣ್ಣಪುಟ್ಟ ಸಾಮಾನನ್ನು ಬಿಟ್ಟು ಬೇರೇನನ್ನೂ ಕೊಳ್ಳಬಾರದು.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದದ್ದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಟಾರ್ಚ್, ಕೇಬಲ್‌ಗಳಿಗೆ ಗುರುತು ಹಚ್ಚಲು ಕಾಗದದ ಟೇಪು, ಒಂದು ನೋಟ್‌ಪುಸ್ತಕ, ಚೆನ್ನಾಗಿದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಗಿಡ್ಡ ಆರ್‌ಸಿಎ ಕೇಬಲ್ (ನಡುವೆ ಪಿನ್, ಸುತ್ತ ಲೋಹದ ಬಳೆ ಇರುವ ಪ್ಲಗ್‌ಗಳ ಆಡಿಯೊ ಕೇಬಲ್), ಮೊಬೈಲ್ ಫೋನನ್ನು ಆಂಪ್ಲಿಫೈಯರಿಗೆ ಜೋಡಿಸುವ ಆಕ್ಸ್ ಕೇಬಲ್ ಇದ್ದರೆ ಸಾಕು. ಇವುಗಳ ಜೊತೆಗೆ ಎರಡು ಶಾರ್ಟಿಂಗ್ ಪ್ಲಗ್‌ಗಳನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಆರ್‌ಸಿಎ ಪ್ಲಗ್‌ನ ನಡುವಿನ ಪಿನ್ನನ್ನೂ ಹೊರಬಳೆಯನ್ನೂ ಒಳಗಡೆ ಒಂದು ಚೂರು ತಂತಿಯಿಂದ ಬೆಸುಗೆ ಹಾಕಿದರೆ ಅದೇ ಶಾರ್ಟಿಂಗ್ ಪ್ಲಗ್. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಇವೆಲ್ಲವೂ ಸಿಗುತ್ತವೆ. ಈ ಪ್ಲಗ್ಗನ್ನು ಇನ್‌ಪುಟ್ ಎಂದು ಬರೆದಿರುವ ತೂತಿಗೆ ಮಾತ್ರ ಹಾಕಬೇಕು. ಪ್ರೀ-ಔಟ್ ಅಥವಾ ಲೈನ್-ಔಟ್ ತೂತಿಗೆ ಹಾಕಿದರೆ ಉಪಕರಣದ ಔಟ್‌ಪುಟ್ ಭಾಗ ಕೆಡುವ ಸಂಭವವಿದೆ.

ಕೈ ಹಾಕುವ ಮುನ್ನ ಮೂರು ನಿಯಮಗಳನ್ನು ನೆನಪಿನಲ್ಲಿಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನೂ ಅದರಿಂದ ಸದ್ದಿನಲ್ಲಿ ಆದ ವ್ಯತ್ಯಾಸವನ್ನೂ ಒಡನೆಯೇ ಬರೆದುಕೊಳ್ಳಬೇಕು. ಯಾವುದೇ ಆರ್‌ಸಿಎ ಕೇಬಲ್ಲನ್ನು ಕೀಳುವಾಗಲೂ ಚುಚ್ಚುವಾಗಲೂ ಆಂಪ್ಲಿಫೈಯರನ್ನು ಆರಿಸಿರಬೇಕು. ಆರ್‌ಸಿಎ ಪ್ಲಗ್‌ನ ರಚನೆಯಲ್ಲಿಯೇ ನಡುವಿನ ಪಿನ್ ಮೊದಲು ತಾಗಿ, ಹೊರಬಳೆ ಅದರ ನಂತರ ತಾಗುತ್ತದೆ. ಆ ಕ್ಷಣಮಾತ್ರದ ಅಂತರದಲ್ಲಿ ಆಂಪ್ಲಿಫೈಯರ್ ಚಾಲೂ ಇದ್ದರೆ ಸ್ಪೀಕರ್ ದೊಡ್ಡದಾಗಿ ಬ್ರ್ರ್ ಎಂದು ಅಬ್ಬರಿಸುತ್ತದೆ, ಟ್ವೀಟರ್ (ಸ್ಪೀಕರ್‌ನೊಳಗೆ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ) ಸುಟ್ಟುಹೋಗುವುದಕ್ಕೆ ಅಷ್ಟೇ ಸಾಕಾಗಬಹುದು. ಮೂರನೆಯ ನಿಯಮ, ಪ್ಲಗ್‌ನ ಅರ್ಥ್ ಪಿನ್ನನ್ನು ಯಾವ ಕಾರಣಕ್ಕೂ ಕತ್ತರಿಸಬಾರದು, ಮುರಿಯಬಾರದು, ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅದನ್ನು ತಪ್ಪಿಸಲೂಬಾರದು. ಇದರ ವಿವರ ನಾಲ್ಕನೆಯ ಹಂತದಲ್ಲಿದೆ.

ಹಂತ 1: ಸದ್ದನ್ನು ಕೇಳಿ, ಅದರ ಜಾತಿ ಗುರುತಿಸಿ

ರಾತ್ರಿ ಫ್ಯಾನ್, ಟಿವಿ ಎಲ್ಲವನ್ನೂ ಆರಿಸಿ, ಆಂಪ್ಲಿಫೈಯರ್ ಮತ್ತು ಸ್ಪೀಕರನ್ನು ಮಾತ್ರ ಚಾಲೂ ಇಟ್ಟು, ಹಾಡು ಹಾಕದೆ ಕೇಳಬೇಕು. ಹಾಡು ಹಾಕಿಕೊಂಡು ಪರೀಕ್ಷಿಸುವುದು ಸಾಮಾನ್ಯವಾಗಿ ಆಗುವ ತಪ್ಪು, ಅದರಲ್ಲಿಯೂ ಶಾಸ್ತ್ರೀಯ ಸಂಗೀತ ಕೇಳುವವರಿಗೆ ಇದು ಬಹಳ ಮೋಸ ಮಾಡುತ್ತದೆ. ಗುಂಯ್ ಸದ್ದಿನಲ್ಲಿ 100 ಮತ್ತು 200 ಹರ್ಟ್ಸ್‌ನ ಸ್ವರಗಳಿರುತ್ತವೆ. ಐದು ಮನೆ ಶ್ರುತಿಯ ಷಡ್ಜ 196 ಹರ್ಟ್ಸ್. ಗಾಯಕಿಯೊಬ್ಬರು ಆ ಶ್ರುತಿಯಲ್ಲಿ ಹಾಡುತ್ತಿದ್ದರೆ ಸದ್ದು ತಂಬೂರಿಯೊಳಗೆ ಹೆಚ್ಚುಕಡಿಮೆ ಬೆರೆತುಹೋಗಿ, ಶ್ರುತಿ ಯಾಕೋ ಸ್ವಲ್ಪ ಮಸುಕಾಗಿದೆ ಎಂದಷ್ಟೇ ಅನ್ನಿಸುತ್ತದೆ.

ಮೊದಲ ಪ್ರಶ್ನೆ, ಸದ್ದು ಬರುತ್ತಿರುವುದು ಸ್ಪೀಕರ್‌ನಿಂದಲೋ ಆಂಪ್ಲಿಫೈಯರ್‌ನ ಡಬ್ಬಿಯಿಂದಲೋ ಎಂಬುದು. ಸ್ಪೀಕರ್‌ಗೆ ಕಿವಿಗೊಟ್ಟರೆ ನಿಶ್ಶಬ್ದವಾಗಿದ್ದು, ಡಬ್ಬಿಯ ಮೇಲೆ ಅಂಗೈ ಇಟ್ಟಾಗ ಸಣ್ಣ ನಡುಕ ತಿಳಿಯುತ್ತಿದ್ದರೆ ಅದು ಒಳಗಿನ ಟ್ರಾನ್ಸ್‌ಫಾರ್ಮರ್‌ನ ಕಂಪನ. ಮನೆಯಲ್ಲಿ ಯಾರಾದರೂ ಹೇರ್ ಡ್ರೈಯರನ್ನು ಅರ್ಧ ವೇಗದಲ್ಲಿ ಓಡಿಸಿದಾಗ ಈ ಸದ್ದು ಜೋರಾದರೆ ಕಾರಣ ಇನ್ನಷ್ಟು ಸ್ಪಷ್ಟ. ಕೆಲವು ಡ್ರೈಯರ್‌ಗಳು ಕಡಿಮೆ ವೇಗಕ್ಕಾಗಿ ಡಯೋಡ್ ಬಳಸಿ ವಿದ್ಯುತ್ತಿನ ಅಲೆಯ ಒಂದು ಪಕ್ಕವನ್ನಷ್ಟೇ ಎಳೆದುಕೊಳ್ಳುತ್ತವೆ, ಅದರಿಂದ ಲೈನಿನಲ್ಲಿ ಸ್ವಲ್ಪ ಡಿಸಿ ಉಳಿದು ಟ್ರಾನ್ಸ್‌ಫಾರ್ಮರ್, ಮುಖ್ಯವಾಗಿ ಬಳೆಯಾಕಾರದ ಟೊರಾಯ್ಡಲ್ ಬಗೆಯದು, ಗುಂಯ್‌ಗುಡುತ್ತದೆ. ಇದಕ್ಕೂ ಕೇಬಲ್‌ಗಳಿಗೂ ಸಂಬಂಧವಿಲ್ಲ. ಟ್ರಾನ್ಸ್‌ಫಾರ್ಮರ್‌ನ ಬೋಲ್ಟ್ ಸಡಿಲವಾಗಿದೆಯೇ ಎಂದು ರಿಪೇರಿಯವರಿಂದ ನೋಡಿಸಬಹುದು.

ಸದ್ದು ಸ್ಪೀಕರ್‌ನಿಂದಲೇ ಬರುತ್ತಿದ್ದರೆ ಅದರ ಗುಣವನ್ನು ಗಮನಿಸಬೇಕು. ನಯವಾದ, ತಗ್ಗುದನಿಯ ಗುಂಯ್ ಆದರೆ ಅದು ವಿದ್ಯುತ್ ಜಾಲದ್ದು. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅರ್ಥಿಂಗ್ ಸಂಬಂಧದ ತೊಂದರೆ 50 ಹರ್ಟ್ಸ್ ಮತ್ತು ಅದರ ಗುಣಕಗಳಲ್ಲಿ ಕೇಳಿಸುತ್ತದೆ, ಆಂಪ್ಲಿಫೈಯರ್‌ನ ಒಳಗಿನ ವಿದ್ಯುತ್ ಪೂರೈಕೆ ಸೊರಗಿದ್ದರೆ 100 ಹರ್ಟ್ಸ್ ಎದ್ದುಕಾಣುತ್ತದೆ. ಚೂಪಾದ, ಒರಟಾದ ಝುರ್ ಸದ್ದಾದರೆ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ದೀಪ ಇವುಗಳ ಕಡೆ ನೋಡಬೇಕು. ಸ್ಸ್ ಎಂಬ ಹಿಸ್ ಸದ್ದು ಆಂಪ್ಲಿಫೈಯರ್‌ನದೇ ಸ್ವಂತದ್ದು. ಮೌಸ್ ಅಲುಗಿಸಿದಾಗ ಅಥವಾ ಪರದೆ ಸರಿಸಿದಾಗ ಕೀಂ ಎಂಬ ಸಣ್ಣ ದನಿ ಏರಿಳಿದರೆ ಕಂಪ್ಯೂಟರ್ ಕಾರಣ. ವಾಲ್ಯೂಮ್ ಗುಬುಟು ತಿರುಗಿಸುವಾಗ ಮಾತ್ರ ಕರಕರ ಎಂದರೆ ಗುಬುಟಿನ ಒಳಗೆ ಧೂಳು ಕೂತಿದೆ ಎಂದರ್ಥ.

ಟಿಕ್ ಟಿಕ್ ಎಂದು ಶುರುವಾಗಿ ಝರ್ರ್ ಎಂದು ಮುಗಿಯುವ ಸದ್ದು 2ಜಿ ಜಾಲಕ್ಕೆ ಇಳಿದ ಮೊಬೈಲಿನದು, ಫೋನನ್ನು ಎರಡು ಮೀಟರ್ ದೂರ ಇಟ್ಟರೆ ಮುಗಿಯಿತು. ಅಪರೂಪಕ್ಕೆ ಸ್ಪೀಕರ್‌ನಲ್ಲಿ ಕ್ಷೀಣವಾಗಿ ಮಾತೋ ವಾರ್ತೆಯೋ ಕೇಳಿಸಿದರೆ ಗಾಬರಿಯಾಗಬೇಕಿಲ್ಲ. ಉದ್ದನೆಯ ಕೇಬಲ್ಲೊಂದು ಆಂಟೆನಾ ಆಗಿ, ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರದಂತಹ ಪ್ರಬಲ ಸಂಕೇತವನ್ನು ಹಿಡಿದಿರುತ್ತದೆ. ಕೇಬಲ್ ಗಿಡ್ಡ ಮಾಡುವುದು ಮತ್ತು ಆಂಪ್ಲಿಫೈಯರ್ ತುದಿಯಲ್ಲಿ, ರೇಡಿಯೊ ಸಂಕೇತವನ್ನು ತಡೆಯುವ ಫೆರೈಟ್ ಕ್ಲಿಪ್ ಹಾಕುವುದು ಅದಕ್ಕೆ ಪರಿಹಾರ.

ಹಂತ 2: ವಾಲ್ಯೂಮ್ ತಿರುಗಿಸಿ ನೋಡಿ

ಹಾಡಿಲ್ಲದೆಯೇ ವಾಲ್ಯೂಮನ್ನು ಸೊನ್ನೆಯಿಂದ ಅರ್ಧದವರೆಗೆ ನಿಧಾನವಾಗಿ ಏರಿಸಬೇಕು. ಸದ್ದು ವಾಲ್ಯೂಮ್ ಜೊತೆ ಏರಿದರೆ ಅದು ವಾಲ್ಯೂಮ್ ಗುಬುಟಿಗಿಂತ ಮುಂಚೆಯೇ, ಎಂದರೆ ಹಾಡು ಕೊಡುವ ಉಪಕರಣದಲ್ಲಿ ಅಥವಾ ಅದರಿಂದ ಬರುವ ಕೇಬಲ್ಲಿನಲ್ಲಿ, ಸೇರಿಕೊಳ್ಳುತ್ತಿದೆ. ಎಷ್ಟು ತಿರುಗಿಸಿದರೂ ಒಂದೇ ಮಟ್ಟದಲ್ಲಿದ್ದರೆ ಅದು ಗುಬುಟಿನ ಆಚೆ, ಪವರ್ ಆಂಪ್ಲಿಫೈಯರ್ ಭಾಗದಲ್ಲಿ ಹುಟ್ಟುತ್ತಿದೆ. ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರನ್ನು (ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರನ್ನು) ಈ ಲೆಕ್ಕದಿಂದ ಹೊರಗಿಡಬೇಕು, ಅದರ ಪ್ಲಗ್ ಕಿತ್ತಿಟ್ಟು ಪರೀಕ್ಷೆ ಮಾಡಬೇಕು.

ಬಳಿಕ ವಾಲ್ಯೂಮನ್ನು ಒಂದೇ ಜಾಗದಲ್ಲಿಟ್ಟು ಇನ್‌ಪುಟ್‌ಗಳನ್ನು ಒಂದಾದ ಮೇಲೊಂದರಂತೆ ಬದಲಿಸಬೇಕು. ಟಿವಿ ಇನ್‌ಪುಟ್‌ನಲ್ಲಿ ಸದ್ದಿದ್ದು, ಸಿಡಿ ಇನ್‌ಪುಟ್‌ನಲ್ಲಿ ಇಲ್ಲದಿದ್ದರೆ ಅರ್ಧ ಕೆಲಸ ಆದಂತೆಯೇ. ಏನೂ ಜೋಡಿಸದ ಇನ್‌ಪುಟ್‌ನಲ್ಲಿ ಸ್ವಲ್ಪ ಗುಂಯ್ ಕೇಳಿಸುವುದು ದೋಷವಲ್ಲ. ತೆರೆದ ತೂತು ಸುತ್ತಲಿನ ವಿದ್ಯುತ್ ಸದ್ದನ್ನು ಹಿಡಿಯುತ್ತದೆ, ಅಲ್ಲಿ ಶಾರ್ಟಿಂಗ್ ಪ್ಲಗ್ ಹಾಕಿ ನೋಡಿದ ಮೇಲಷ್ಟೇ ತೀರ್ಮಾನಕ್ಕೆ ಬರಬೇಕು.

ಸದ್ದು ಒಂದೇ ಸ್ಪೀಕರ್‌ನಲ್ಲಿದ್ದರೆ, ಆಂಪ್ಲಿಫೈಯರನ್ನು ಆರಿಸಿ ಎಡಬಲದ ಸ್ಪೀಕರ್ ತಂತಿಗಳನ್ನು ಅದಲುಬದಲು ಮಾಡಿ. ಸದ್ದು ಆಚೆಯ ಸ್ಪೀಕರ್‌ಗೆ ಹೋದರೆ ಸ್ಪೀಕರ್‌ನ ತಪ್ಪಿಲ್ಲ.

ಹಂತ 3: ಎಲ್ಲವನ್ನೂ ಕಳಚಿ, ಒಂದೊಂದಾಗಿ ಸೇರಿಸಿ

ಬಹುಪಾಲು ಜನ ಬಿಟ್ಟುಬಿಡುವ ಹಂತ ಇದೇ. ಎಲ್ಲ ಕೇಬಲ್‌ಗಳಿಗೂ ಟೇಪ್ ಹಚ್ಚಿ ಹೆಸರು ಬರೆದು, ಆಂಪ್ಲಿಫೈಯರ್‌ಗೆ ಅದರ ಪವರ್ ಕಾರ್ಡ್ ಮತ್ತು ಸ್ಪೀಕರ್ ತಂತಿ ಎರಡನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲವನ್ನೂ ಕೀಳಬೇಕು. ಎಲ್ಲವನ್ನೂ ಎಂದರೆ ಎಚ್‌ಡಿಎಂಐ, ಯುಎಸ್‌ಬಿ, ಎಫ್‌ಎಂ ಆಂಟೆನಾ, ಇಂಟರ್ನೆಟ್ ಕೇಬಲ್, ಸಬ್‌ವೂಫರ್ ಕೇಬಲ್ ಎಲ್ಲವೂ ಸೇರುತ್ತವೆ. ಹಾಡು ಸಾಗಿಸದ ಕೇಬಲ್ ಸದ್ದನ್ನು ಧಾರಾಳವಾಗಿ ಸಾಗಿಸಬಲ್ಲದು. ಆರ್‌ಸಿಎ ಕೇಬಲ್‌ಗಳನ್ನು ಮಾತ್ರ ಕಿತ್ತು ಪರೀಕ್ಷಿಸಿದವರಿಗೆ ಕಾರಣ ಸಿಕ್ಕದಿರಲು ಇದೇ ಮುಖ್ಯ ಕಾರಣ.

ಈಗ ಆಂಪ್ಲಿಫೈಯರನ್ನು ಚಾಲೂ ಮಾಡಿ, ಶಾರ್ಟಿಂಗ್ ಪ್ಲಗ್ ಹಾಕಿದ ಇನ್‌ಪುಟ್ಟನ್ನು ಆಯ್ದುಕೊಂಡು ಕೇಳಬೇಕು. ಗುಂಯ್ ಸದ್ದು ಇನ್ನೂ ಇದ್ದರೆ ಒಂಟಿಯಾಗಿ ನಿಂತಿರುವ ಆಂಪ್ಲಿಫೈಯರ್‌ನಲ್ಲಿಯೇ ತೊಂದರೆಯಿದೆ, ನೇರವಾಗಿ ಹಂತ 8ಕ್ಕೆ ಹೋಗಬಹುದು. ಝುರ್ ಸದ್ದಾದರೆ ಹಂತ 6, ಹಿಸ್ ಆದರೆ ಹಂತ 7.

ನಿಶ್ಶಬ್ದವಾಗಿದ್ದರೆ ಆಂಪ್ಲಿಫೈಯರ್ ಆರೋಗ್ಯವಾಗಿದೆ. ಮೊದಲಿಗೆ ಚಾರ್ಜರ್ ಇಲ್ಲದ ಮೊಬೈಲ್ ಫೋನನ್ನು ಆಕ್ಸ್ ಕೇಬಲ್‌ನಿಂದ ಜೋಡಿಸಿ. ಫೋನ್ ಬ್ಯಾಟರಿಯಲ್ಲಿ ಓಡುವುದರಿಂದ ಅದಕ್ಕೂ ಗೋಡೆಯ ವಿದ್ಯುತ್ತಿಗೂ ನಂಟಿಲ್ಲ, ಆಗಲೂ ನಿಶ್ಶಬ್ದವಾಗಿಯೇ ಇರಬೇಕು. ಅನಂತರ ಒಂದೊಂದೇ ಉಪಕರಣವನ್ನು ಸೇರಿಸುತ್ತ, ಪ್ರತಿ ಸಲವೂ ಅರ್ಧ ನಿಮಿಷ ಕೇಳಿ, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋಗಬೇಕು. ಯಾವ ಕೇಬಲ್ ಸೇರಿಸಿದಾಗ ಸದ್ದು ಹುಟ್ಟಿತೋ ಅದನ್ನು ಮತ್ತೆ ಕಿತ್ತು, ಮತ್ತೆ ಸೇರಿಸಿ, ಎರಡು ಬಾರಿಯೂ ಅದೇ ಫಲ ಬಂದರೆ ನಂಬಬಹುದು.

ಸದ್ದು ತಂದ ಉಪಕರಣ ಸಿಕ್ಕ ಮೇಲೆ ಅದರ ಆರ್‌ಸಿಎ ಕೇಬಲ್ಲನ್ನು ನಿಮ್ಮಲ್ಲಿರುವ ಒಳ್ಳೆಯ ಗಿಡ್ಡ ಕೇಬಲ್‌ಗೆ ಬದಲಿಸಿ ನೋಡಿ. ಅಷ್ಟರಿಂದಲೇ ಸರಿಹೋದರೆ ಹಳೆಯ ಕೇಬಲ್ಲಿನ ಹೊರಬಳೆಯ ಬೆಸುಗೆ ಬಿಟ್ಟಿದೆ ಅಥವಾ ಮಳೆಗಾಲದ ತೇವಕ್ಕೆ ಪ್ಲಗ್ ಕಿಲುಬು ಹಿಡಿದಿದೆ ಎಂದರ್ಥ. ಕಿಲುಬನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಬಹುದು. ಸರಿಹೋಗದಿದ್ದರೆ ಮುಂದಿನ ಹಂತ.

ಹಂತ 4: ಗ್ರೌಂಡ್ ಲೂಪನ್ನು ಮುರಿಯಿರಿ

ಎರಡು ಉಪಕರಣಗಳ ಅರ್ಥಿಂಗ್ ಒಂದಕ್ಕಿಂತ ಹೆಚ್ಚು ದಾರಿಗಳಲ್ಲಿ ಕೂಡಿಕೊಂಡಾಗ ಆಗುವ ಸುತ್ತಿಗೆ ಗ್ರೌಂಡ್ ಲೂಪ್ ಎನ್ನುತ್ತಾರೆ. ಆಂಪ್ಲಿಫೈಯರ್ ತನ್ನ ಮೂರು ಪಿನ್ನಿನ ಪ್ಲಗ್ ಮೂಲಕ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಕೇಬಲ್ ಟಿವಿಯ ದಪ್ಪ ತಂತಿಯ ಹೊರಗಿನ ಜಾಲರಿಯೋ ಬೀದಿಯಲ್ಲಿ ಅಥವಾ ತಾರಸಿಯ ಮೇಲೆ ಬೇರೆಲ್ಲೋ ನೆಲವನ್ನು ಮುಟ್ಟಿರುತ್ತದೆ. ಈ ಎರಡು ನೆಲಗಳ ನಡುವೆ ಸಣ್ಣದೊಂದು ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ, ಅದರಿಂದ ಹುಟ್ಟುವ ಕರೆಂಟು ಆಡಿಯೊ ಕೇಬಲ್ಲಿನ ಹೊರಜಾಲರಿಯ ಮೂಲಕ ಹರಿಯುತ್ತದೆ. ಆ ಜಾಲರಿಯೇ ಹಾಡಿನ ಸಂಕೇತ ಮರಳುವ ದಾರಿಯೂ ಆಗಿರುವುದರಿಂದ ಎರಡೂ ಬೆರೆಯುತ್ತವೆ. ಜಾಲರಿಯ ರೋಧ 0.1 ಓಮ್ ಇದ್ದು, ಅದರಲ್ಲಿ 10 ಮಿಲಿಆಂಪಿಯರ್ ಹರಿದರೆ 1 ಮಿಲಿವೋಲ್ಟ್ ಗುಂಯ್ ಸೇರಿಕೊಳ್ಳುತ್ತದೆ. ಸಿಡಿ ಪ್ಲೇಯರ್‌ನ ಪೂರ್ಣ ಸಂಕೇತವಾದ 2 ವೋಲ್ಟ್‌ನಲ್ಲಿ ಅದು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ, ಆದರೂ ನಿಶ್ಶಬ್ದ ಕೋಣೆಯಲ್ಲಿ ಅಷ್ಟು ಸಾಕು.

ನಮ್ಮ ಮನೆಗಳಲ್ಲಿ ಇದು ಮೂರು ಕಡೆಗಳಿಂದ ಬರುವುದು ಹೆಚ್ಚು. ಮೊದಲನೆಯದು ಸೆಟ್ ಟಾಪ್ ಬಾಕ್ಸ್. ಎಲ್ಲವೂ ಚಾಲೂ ಇರುವಾಗ ಬಾಕ್ಸ್‌ನ ಹಿಂದಿನ ತಿರುಪಿನ ದಪ್ಪ ಕೇಬಲ್ಲನ್ನು ಬಿಚ್ಚಿ ನೋಡಿ. ಲೋಹದ ತಿರುಪು ಇನ್ನೂ ತೂತಿನ ಅಂಚಿಗೆ ತಾಗಿದ್ದರೆ ಸದ್ದು ಹಾಗೆಯೇ ಇರುತ್ತದೆ, ಪೂರ್ತಿ ಬೇರ್ಪಟ್ಟ ಕ್ಷಣ ಗುಂಯ್ ಥಟ್ಟನೆ ನಿಂತರೆ ಅಪರಾಧಿ ಸಿಕ್ಕಂತಾಯಿತು. ಎರಡನೆಯದು ಲ್ಯಾಪ್‌ಟಾಪ್ ಚಾರ್ಜರ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದಾಗ ಸದ್ದು ಹೋದರೆ ಲೂಪ್ ಅದರ ಮೂಲಕವೇ ಇದೆ. ಮೂರನೆಯದು ಸಬ್‌ವೂಫರ್. ಅದು ಕೋಣೆಯ ಇನ್ನೊಂದು ಮೂಲೆಯ ಪ್ಲಗ್ ಪಾಯಿಂಟ್‌ನಿಂದ ವಿದ್ಯುತ್ ಪಡೆದು, ಐದಾರು ಮೀಟರ್ ಉದ್ದದ ಕೇಬಲ್‌ನಿಂದ ಆಂಪ್ಲಿಫೈಯರ್‌ಗೆ ಸೇರಿರುತ್ತದೆ.

ಪರಿಹಾರಗಳನ್ನು ಖರ್ಚು ಕಡಿಮೆ ಇರುವುದರಿಂದ ಆರಂಭಿಸಬೇಕು. ಮೊದಲು ಆಡಿಯೊ ಉಪಕರಣಗಳೆಲ್ಲವನ್ನೂ ಒಂದೇ ಗೋಡೆಯ ಪಾಯಿಂಟ್‌ಗೆ, ಅರ್ಥ್ ಇರುವ ಒಂದೇ ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡಿನ ಮೂಲಕ ಜೋಡಿಸಿ. 6 ಆಂಪಿಯರ್ ಪಾಯಿಂಟ್ 230 ವೋಲ್ಟ್‌ನಲ್ಲಿ 1,380 ವಾಟ್‌ವರೆಗೆ ಕೊಡಬಲ್ಲದು, ಸಾಮಾನ್ಯ ಮನೆಯ ಸಿಸ್ಟಂಗೆ ಇದು ಸಾಕಾಗುತ್ತದೆ. ಆದರೂ ಉಪಕರಣಗಳ ಹಿಂದೆ ಬರೆದಿರುವ ವಾಟ್‌ಗಳನ್ನು ಒಮ್ಮೆ ಕೂಡಿ ನೋಡಿಕೊಳ್ಳಿ. ಬಹಳಷ್ಟು ಮನೆಗಳಲ್ಲಿ ತೊಂದರೆ ಇಲ್ಲಿಗೇ ತೀರುತ್ತದೆ.

ತೀರದಿದ್ದರೆ, ಟಿವಿಯಿಂದ ಆಂಪ್ಲಿಫೈಯರ್‌ಗೆ ಬರುವ ಆರ್‌ಸಿಎ ಅಥವಾ ಎಚ್‌ಡಿಎಂಐ ಬದಲು ಆಪ್ಟಿಕಲ್ ಕೇಬಲ್ ಬಳಸಿ. ಅದರಲ್ಲಿ ಹರಿಯುವುದು ಬೆಳಕು ಮಾತ್ರ, ಲೋಹದ ಸಂಪರ್ಕವೇ ಇಲ್ಲದ್ದರಿಂದ ಲೂಪ್ ಆಗುವ ಪ್ರಶ್ನೆಯೇ ಇಲ್ಲ. ನನ್ನ ಮಟ್ಟಿಗೆ ಹಣಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರ ಬೇರೊಂದಿಲ್ಲ. ಆದರೆ ಆ ಟಿವಿಗೆ ಎಚ್‌ಡಿಎಂಐ ಕೂಡ ಜೋಡಿಸಿಯೇ ಇದ್ದರೆ ಲೂಪ್ ಅದರ ಮೂಲಕ ಉಳಿದುಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಕೇಬಲ್ ಟಿವಿಯ ತಂತಿಗೆ ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಣ್ಣ ಕೊಳವೆ ಸಿಗುತ್ತದೆ, ತಂತಿ ಬಾಕ್ಸ್ ಸೇರುವಲ್ಲಿ ಅದನ್ನು ಹಾಕಬಹುದು. ಡಿಶ್ ಸಂಪರ್ಕ ಇರುವವರು ಇದನ್ನು ಹಾಕಬಾರದು. ಡಿಶ್‌ನ ಮೂತಿಗೆ ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ತನ್ನು ಬಾಕ್ಸ್ ಅದೇ ತಂತಿಯ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಐಸೊಲೇಟರ್ ಅದನ್ನು ತಡೆಯುವುದರಿಂದ ಗುಂಯ್ ಜೊತೆಗೆ ಚಿತ್ರವೂ ಹೋಗುತ್ತದೆ. ಅಂಥವರಿಗೆ ಆಪ್ಟಿಕಲ್ ದಾರಿಯೇ ಸರಿ.

ಕೊನೆಯ ಪರಿಹಾರ ಆಡಿಯೊ ಕೇಬಲ್‌ನ ನಡುವೆ ಹಾಕುವ ಗ್ರೌಂಡ್ ಲೂಪ್ ಐಸೊಲೇಟರ್. ಅದರೊಳಗಿರುವುದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳು. ಅಗ್ಗದವುಗಳಲ್ಲಿ ತಗ್ಗಿನ ಸ್ವರಗಳು ಸೊರಗುತ್ತವೆ, ಮೃದಂಗದ ಎಡಭಾಗದ ತೊಪ್ಪಿಯ ನಾದ ಬಡವಾಗಿ ಕೇಳಿಸುತ್ತದೆ. ಪರೀಕ್ಷೆಗೆ ಅಗ್ಗದ್ದು ಸಾಕು, ಉಳಿಸಿಕೊಳ್ಳುವುದಾದರೆ ಒಳ್ಳೆಯದನ್ನೇ ತರಬೇಕು. ಸಬ್‌ವೂಫರ್ ಕೇಬಲ್‌ನಲ್ಲಿ ಅಗ್ಗದ್ದನ್ನು ಹಾಕಲೇಬಾರದು.

ಇಷ್ಟೆಲ್ಲ ಕಷ್ಟವೇಕೆ, ಆಂಪ್ಲಿಫೈಯರ್ ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಸದ್ದು ಹೋಗುತ್ತದಲ್ಲ ಎಂದು ಸಲಹೆ ಕೊಡುವವರು ಎಲ್ಲೆಡೆ ಇದ್ದಾರೆ. ಸದ್ದು ಹೋಗುವುದು ನಿಜ. ಅದರ ಜೊತೆಗೆ ರಕ್ಷಣೆಯೂ ಹೋಗುತ್ತದೆ. ಆಂಪ್ಲಿಫೈಯರ್‌ನೊಳಗೆ ಫೇಸ್ ತಂತಿಯ ಇನ್ಸುಲೇಶನ್ ಕೆಟ್ಟು ಲೋಹದ ಮೈಗೆ ತಾಗಿದ ದಿನ, ಅರ್ಥ್ ಇದ್ದರೆ ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನಾಗಿ ಆರುವ ಸ್ವಿಚ್) ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟ್ ಆ ಮೈ ಮೇಲೆ, ಕೇಬಲ್‌ಗಳ ಮೂಲಕ ಇತರ ಉಪಕರಣಗಳ ಮೈ ಮೇಲೂ, ಯಾರಾದರೂ ಮುಟ್ಟಲೆಂದು ಕಾದು ಕೂತಿರುತ್ತದೆ.

ಹಂತ 5: ಮನೆಯ ಅರ್ಥಿಂಗ್ ಪರೀಕ್ಷೆ

ಬರಿಗಾಲಿನಲ್ಲಿ ನಿಂತು ಆಂಪ್ಲಿಫೈಯರ್‌ನ ಲೋಹದ ಅಂಚನ್ನು ಮುಟ್ಟಿದಾಗ ಜುಂ ಎಂದರೆ ಅದೇ ಮೊದಲ ಎಚ್ಚರಿಕೆ. ಎಸ್‌ಎಂಪಿಎಸ್ ಅಡಾಪ್ಟರ್‌ಗಳ (ಲ್ಯಾಪ್‌ಟಾಪ್ ಚಾರ್ಜರ್ ಬಗೆಯವುಗಳ) ಒಳಗೆ ಗದ್ದಲವನ್ನು ನೆಲಕ್ಕೆ ಬಿಡುವ ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಸಿಗದಿದ್ದಾಗ ಉಪಕರಣದ ಮೈ ಮೇಲೆ ಸುಮಾರು ಅರ್ಧ ವೋಲ್ಟೇಜ್ ನಿಲ್ಲುತ್ತದೆ. ಇದರ ಕರೆಂಟು ಬಹಳ ಕಡಿಮೆ, ಆದರೆ ಅರ್ಥಿಂಗ್ ಇಲ್ಲ ಎನ್ನುವುದಕ್ಕೆ ಇದು ಸಾಕ್ಷಿ.

ಮಲ್ಟಿಮೀಟರ್‌ನಿಂದ ಮೇನ್ಸ್ ಅಳೆಯುವ ಅಭ್ಯಾಸ ಇಲ್ಲದವರು ಈ ಭಾಗವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಬೇಕು. ಅಳೆಯುವವರು ಮೊದಲು ಕೆಂಪು ತಂತಿ ಎಲ್ಲಿದೆ ಎಂದು ನೋಡಿಕೊಳ್ಳಿ. ಹಿಂದೆ ಯಾವಾಗಲೋ ಕರೆಂಟ್ ಅಳೆದು 10 ಆಂಪಿಯರ್ ತೂತಿನಲ್ಲಿಯೇ ಬಿಟ್ಟಿದ್ದರೆ, ಈಗ ಪಾಯಿಂಟ್‌ಗೆ ಚುಚ್ಚಿದೊಡನೆ ಅದು ನೇರ ಶಾರ್ಟ್ ಸರ್ಕಿಟ್ ಆಗುತ್ತದೆ. ಮೀಟರನ್ನು ಎಸಿ ವೋಲ್ಟೇಜ್‌ನ ದೊಡ್ಡ ರೇಂಜಿಗೆ ಇಡಬೇಕು. ಪಾಯಿಂಟ್‌ಗೆ ಎದುರಾಗಿ ನಿಂತಾಗ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್.

ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆಯೂ ಬಹುತೇಕ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚಿಲ್ಲದಂತೆ ಬಂದರೆ ಸರಿ. ಫೇಸ್ ಮತ್ತು ಅರ್ಥ್ ನಡುವೆ ಸಂಖ್ಯೆ ನಿಲ್ಲದೆ 60, 90, 120 ಎಂದು ತೇಲಾಡಿದರೆ ಅರ್ಥ್ ತಂತಿ ಎಲ್ಲೋ ಬಿಟ್ಟುಹೋಗಿದೆ ಅಥವಾ ಎಳೆದೇ ಇಲ್ಲ. ಬೇರೆ ಪಾಯಿಂಟ್‌ಗಳಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದು, ಈ ಒಂದರಲ್ಲಿ ಇಸ್ತ್ರಿಪೆಟ್ಟಿಗೆ ಓಡುವಾಗಲೂ ಸೊನ್ನೆಯೇ ಬಂದರೆ, ಕೆಲಸ ಮಾಡಿದವರು ಬೋರ್ಡಿನ ಒಳಗೆ ನ್ಯೂಟ್ರಲ್‌ನಿಂದಲೇ ಅರ್ಥ್‌ಗೆ ಒಂದು ತುಂಡು ತಂತಿ ಎಳೆದಿರಬಹುದು. ಇದು ಪ್ರಾಣಾಪಾಯಕ್ಕೆ ದಾರಿ. ಸದ್ದಿನ ವಿಚಾರವನ್ನು ಬದಿಗಿಟ್ಟು ಮೊದಲು ಇದನ್ನು ಸರಿಪಡಿಸಬೇಕು.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಎರಡು ತಂತಿಯ ವೈರಿಂಗ್ ಹಾಗೆಯೇ ಉಳಿದು, ಮೂರು ತೂತಿನ ಪಾಯಿಂಟ್ ಮಾತ್ರ ಹೊಸದಾಗಿರುವುದುಂಟು. ಉಪ್ಪು ಇದ್ದಿಲು ತುಂಬಿದ ಅರ್ಥ್ ಗುಂಡಿ ಕಾಂಪೌಂಡಿನಲ್ಲಿ ಎಲ್ಲಿದೆ ಎಂಬುದೇ ಟೈಲ್ಸ್ ಹಾಕಿಸಿದ ಮೇಲೆ ಮರೆತುಹೋಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಣ್ಣು ಒಣಗಿದಾಗ ಸದ್ದು ಹೆಚ್ಚಿ, ಮಳೆ ಬಿದ್ದ ಮೇಲೆ ತಗ್ಗಿದರೆ ಗುಂಡಿಯ ಮೇಲೆ ಸಂಶಯಪಡಬಹುದು. ಗುಂಡಿಗೆ ನೀರು ಹಾಕಿ ಮರುದಿನ ಕೇಳಿದರೆ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟುಗಳಲ್ಲಿ ಜನರೇಟರ್‌ಗೆ ಬದಲಾದಾಗ ಸದ್ದಿನ ಮಟ್ಟ ಬದಲಾಗುತ್ತದೆಯೇ ಎಂದು ಗಮನಿಸಿ, ಬದಲಾದರೆ ಆ ವಿವರವನ್ನು ಸಂಘದ ಎಲೆಕ್ಟ್ರಿಷಿಯನ್‌ಗೆ ತಿಳಿಸಬೇಕು.

ಇನ್ನು ಯುಪಿಎಸ್ ಲೈನ್. ಮನೆ ಕಟ್ಟಿದ ನಂತರ ಎಳೆದ ಯುಪಿಎಸ್ ಪಾಯಿಂಟ್‌ಗಳಿಗೆ ಎಷ್ಟೋ ಕಡೆ ಅರ್ಥ್ ತಂತಿಯನ್ನೇ ಕೊಟ್ಟಿರುವುದಿಲ್ಲ. ಟಿವಿ ಯುಪಿಎಸ್ ಲೈನ್‌ನಲ್ಲಿ, ಆಂಪ್ಲಿಫೈಯರ್ ಮೇನ್ಸ್‌ನಲ್ಲಿ ಎಂದು ಹಂಚಿಹೋಗಿದ್ದರೆ ಎರಡನ್ನೂ ಒಂದೇ ಕಡೆಗೆ ತರಬೇಕು.

ಹಂತ 6: ಝುರ್ ಸದ್ದಿನ ಮೂಲ

ಹಾಲ್‌ನ ಪಾಯಿಂಟ್‌ಗಳ ಎಂಸಿಬಿಯನ್ನು ಮಾತ್ರ ಬಿಟ್ಟು, ಉಳಿದ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತ ಒಬ್ಬರು ಎಂಸಿಬಿಗಳಿರುವ ಡಿಬಿ ಬಾಕ್ಸ್ ಬಳಿ, ಇನ್ನೊಬ್ಬರು ಸ್ಪೀಕರ್ ಬಳಿ ನಿಂತರೆ ಐದು ನಿಮಿಷದಲ್ಲಿ ಯಾವ ಕೋಣೆ ಎಂದು ತಿಳಿಯುತ್ತದೆ. ಕಂಪ್ಯೂಟರ್‌ಗಳನ್ನು ಮೊದಲೇ ಸರಿಯಾಗಿ ಆರಿಸಿಟ್ಟಿರಬೇಕು.

ಹೆಚ್ಚಾಗಿ ಸಿಕ್ಕಿಬೀಳುವುದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಸರಾಗವಾಗಿ ತಿರುಗುವ ಗುಬುಟಿನ ಬಗೆಯದು ವಿದ್ಯುತ್ತಿನ ಅಲೆಯನ್ನು ಪ್ರತಿ ಬಾರಿಯೂ ನಡುವೆ ಕತ್ತರಿಸಿ ವೇಗ ತಗ್ಗಿಸುತ್ತದೆ, ಹಾಗೆ ಕತ್ತರಿಸಿದ ಅಂಚು ಸ್ಪೀಕರ್‌ನಲ್ಲಿ ಝುರ್ ಎಂದು ಕೇಳುತ್ತದೆ. ಫ್ಯಾನನ್ನು ಪೂರ್ತಿ ವೇಗಕ್ಕೆ ಇಟ್ಟಾಗ ಸದ್ದು ಕಡಿಮೆಯಾಗಿ, ನಡುವಿನ ವೇಗದಲ್ಲಿ ಜೋರಾದರೆ ಖಚಿತ. ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಕೆಪಾಸಿಟರ್ ಬಳಸುವ ರೆಗ್ಯುಲೇಟರ್‌ಗೆ ಬದಲಿಸಿದರೆ ಸಾಕು.

ಹಬ್ಬದ ದಿನಗಳಲ್ಲಿ ಮಾತ್ರ ಸದ್ದು ಬಂದರೆ ದೇವರ ಮನೆಯ ಸೀರಿಯಲ್ ಸೆಟ್ ಕಿತ್ತು ನೋಡಿ. ದೀಪಗಳು ಓಡುವ ಬಗೆ ಬದಲಾದಂತೆ ಝುರ್ ಸದ್ದಿನ ಲಯವೂ ಬದಲಾಗುತ್ತಿರುತ್ತದೆ, ಅದರ ಪುಟ್ಟ ಕಂಟ್ರೋಲರ್ ಡಬ್ಬಿಯೇ ಕಾರಣ. ಮಿಕ್ಸಿ ಓಡಿಸಿದಾಗ ಬರುವ ಗರಗರ ಅದರ ಮೋಟಾರಿನ ಕಿಡಿಗಳದು. ಅದಕ್ಕೆ ಖರ್ಚು ಮಾಡುವುದು ವ್ಯರ್ಥ. ಕರೆಂಟು ಹೋದಾಗ ಮಾತ್ರ ಝುರ್ ಎಂದರೆ ಯುಪಿಎಸ್ ಸ್ಕ್ವೇರ್ ವೇವ್ ಬಗೆಯದಾಗಿರುತ್ತದೆ, ಸೈನ್ ವೇವ್ ಬಗೆಯದು ಬರುವವರೆಗೆ ಆ ಹೊತ್ತಿನಲ್ಲಿ ಆಂಪ್ಲಿಫೈಯರ್ ಆರಿಸುವುದೇ ಲೇಸು.

ಹಂತ 7: ಹಿಸ್ ಸದ್ದು ಮತ್ತು ರೆಕಾರ್ಡ್ ಪ್ಲೇಯರ್

ಹಿಸ್ ಸದ್ದು ಪೂರ್ತಿ ಇಲ್ಲವಾಗುವುದಿಲ್ಲ. ಟ್ವೀಟರ್‌ನಿಂದ ಒಂದಡಿ ದೂರದಲ್ಲಿ ಕೇಳಿಸಿ, ಎರಡು ಮೂರು ಮೀಟರ್ ಆಚೆ ನೀವು ಕೂರುವ ಜಾಗದಲ್ಲಿ ಕೇಳಿಸದಿದ್ದರೆ ಅದನ್ನು ಬಿಟ್ಟುಬಿಡಬೇಕು. ಕೂತಲ್ಲಿಗೂ ಕೇಳಿಸಿದರೆ ಫೋನ್ ಅಥವಾ ಕಂಪ್ಯೂಟರ್‌ನ ವಾಲ್ಯೂಮನ್ನು ಪೂರ್ತಿಗೆ ಹತ್ತಿರ ಇಟ್ಟು, ಆಂಪ್ಲಿಫೈಯರ್‌ನದನ್ನು ಇಳಿಸಿ. ಒಳಗೇ ಆಂಪ್ಲಿಫೈಯರ್ ಇರುವ ಆಕ್ಟಿವ್ ಸ್ಪೀಕರ್‌ಗಳಲ್ಲಿ ಹಿಂಬದಿಯ ಗೇನ್ ಗುಬುಟನ್ನು ತಗ್ಗಿಸಬೇಕು.

ರೆಕಾರ್ಡ್ ಪ್ಲೇಯರ್‌ನ ಕಥೆ ಬೇರೆ. ಸೂಜಿಯ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ, ಫೋನೊ ಭಾಗ ಅದನ್ನು ನೂರು ಪಟ್ಟಿನಷ್ಟು ಹಿಗ್ಗಿಸುವಾಗ ಗುಂಯ್ ಕೂಡ ಅಷ್ಟೇ ಹಿಗ್ಗುತ್ತದೆ. ಪ್ಲೇಯರ್‌ನಿಂದ ಹೊರಟ ಸಣ್ಣ ಒಂಟಿ ತಂತಿಯನ್ನು ಆಂಪ್ಲಿಫೈಯರ್ ಹಿಂದಿನ ಜಿಎನ್‌ಡಿ ತಿರುಪಿಗೆ ಬಿಗಿದಿದ್ದೀರಾ ಎಂದು ಮೊದಲು ನೋಡಿ; ಸ್ಪೀಕರ್ ತಂತಿಯ ತುಂಡೆಂದು ತಿಳಿದು ಅದನ್ನು ಸುತ್ತಿಟ್ಟಿರುವವರೇ ಹೆಚ್ಚು. ಆಮೇಲೆ ಪ್ಲೇಯರನ್ನು ಆಂಪ್ಲಿಫೈಯರ್‌ನ ಮೇಲಿನಿಂದ ಇಳಿಸಿ ಪಕ್ಕಕ್ಕಿಡಿ. ಸೂಜಿಯ ತೋಳನ್ನು ತಟ್ಟೆಯ ಒಳಗಡೆಗೆ ಸರಿಸಿದಂತೆ ಸದ್ದು ಹೆಚ್ಚು ಕಡಿಮೆಯಾದರೆ ಹತ್ತಿರದ ಟ್ರಾನ್ಸ್‌ಫಾರ್ಮರ್‌ನ ಅಥವಾ ಪ್ಲೇಯರ್‌ನದೇ ಮೋಟಾರಿನ ಕಾಂತಕ್ಷೇತ್ರ ಕಾರಣ.

ಹಂತ 8: ರಿಪೇರಿಗೆ ಕೊಡಬೇಕಾದ ಹೊತ್ತು

ಹಂತ 3ರಲ್ಲಿ ಒಂಟಿಯಾಗಿಯೂ ಗುಂಯ್ ಎಂದ ಆಂಪ್ಲಿಫೈಯರ್ ಹಳೆಯದಾಗಿದ್ದರೆ ವಿದ್ಯುತ್ ಪೂರೈಕೆಯ ದೊಡ್ಡ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಹೆಚ್ಚು. ಮೇಲ್ಮುಚ್ಚಳದ ಸಂದಿಗಳಿಂದ ಟಾರ್ಚ್ ಬಿಟ್ಟು ನೋಡಿದಾಗ ಅವುಗಳ ತಲೆ ಉಬ್ಬಿದ್ದರೆ ಅಥವಾ ಬುಡದಲ್ಲಿ ಕಂದು ಅಂಟು ಕಂಡರೆ ಖಾತ್ರಿ. ಮುಚ್ಚಳವನ್ನು ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ವಾಲ್ವ್ ಆಂಪ್ಲಿಫೈಯರ್ ಆದರೆ ಅದು ನೂರಾರು ವೋಲ್ಟ್.

ಚಾಲೂ ಮಾಡಿದೊಡನೆ ಧಪ್ ಎಂದು ವೂಫರ್‌ನ ಕೋನ್ ಹೊರಕ್ಕೋ ಒಳಕ್ಕೋ ಸರಿದು ಅಲ್ಲಿಯೇ ನಿಂತರೆ, ಸುಟ್ಟ ವಾಸನೆ ಬಂದರೆ, ಅಥವಾ ಫ್ಯೂಸ್ ಮತ್ತೆ ಮತ್ತೆ ಹೋದರೆ ತಕ್ಷಣ ಪ್ಲಗ್ ಕೀಳಬೇಕು. ಕೋನ್ ಸರಿದು ನಿಲ್ಲುವುದು ಸ್ಪೀಕರ್‌ಗೆ ಡಿಸಿ ಹೋಗುತ್ತಿರುವ ಲಕ್ಷಣ. ಇನ್ನೊಮ್ಮೆ ನೋಡೋಣ ಎಂದು ಹಾಕಿದರೆ ಸ್ಪೀಕರ್‌ನ ಕಾಯಿಲ್ ಸುಡುತ್ತದೆ.

ರಿಪೇರಿಗೆ ಒಯ್ಯುವಾಗ ನೋಟ್‌ಪುಸ್ತಕದ ಹಾಳೆಯ ಪ್ರತಿಯನ್ನೂ ಕೊಡಿ. "ಸದ್ದು ಬರುತ್ತದೆ" ಎನ್ನುವ ಬದಲು, "ಎಲ್ಲ ಇನ್‌ಪುಟ್ ಕಿತ್ತರೂ, ವಾಲ್ಯೂಮ್ ಸೊನ್ನೆ ಇದ್ದರೂ, ಎಡಗಡೆ ಮಾತ್ರ ಗುಂಯ್ ಇದೆ" ಎಂದು ಹೇಳಿದರೆ ಅವರು ಎಲ್ಲಿ ಕೈ ಹಾಕಬೇಕೆಂದು ಅರ್ಧ ಗೊತ್ತಾಗಿರುತ್ತದೆ. ಅಂಗಡಿಯಲ್ಲಿ ಸದ್ದು ಬರುತ್ತಿಲ್ಲ ಎಂದು ಅವರು ಹೇಳಿದರೆ ಅದನ್ನು ಅಲ್ಲಗಳೆಯಬೇಡಿ, ಮನೆಗೆ ತಂದು ಹಂತ 5ರಿಂದ ಮತ್ತೆ ಶುರು ಮಾಡಿ. ರಿಪೇರಿಯಾಗಿ ಬಂದ ಆಂಪ್ಲಿಫೈಯರ್‌ಗೆ ಮೊದಲ ದಿನ ಸ್ಪೀಕರ್ ಮಾತ್ರ ಜೋಡಿಸಿ ಕೇಳಿ, ಆಮೇಲೆ ಟೇಪ್ ಹಚ್ಚಿದ ಕೇಬಲ್‌ಗಳನ್ನು ಒಂದೊಂದಾಗಿ ಹಾಕಿ.